ಮೋಡದ ಹಿಂದಿನ ಸಂಕಷ್ಟಿ

ಉಪವಾಸದ ದಿನ ಮಾಡುವ ಗೊಜ್ಜವಲಕ್ಕಿಗೆ ಬೇರೆ ದಿನದ ಗೊಜ್ಜವಲಕ್ಕಿಗಿಲ್ಲದ ರುಚಿ ಎಲ್ಲಿಂದ ಬರುತ್ತದೆ ಎಂದು ನೀವೂ ಒಮ್ಮೆಯಾದರೂ ಯೋಚಿಸಿರುತ್ತೀರಿ. ಹುಣಸೆಹುಳಿಯ ಜೊತೆಗೆ ಬೆಲ್ಲ, ಅದರ ಮೇಲೆ ಒಣಕೊಬ್ಬರಿ, ಕರುಮ್ ಎನ್ನುವ ಕಡಲೆಕಾಯಿ ಬೀಜ, ಪಕ್ಕದಲ್ಲಿ ಎರಡು ಬಾಳೆಹಣ್ಣು, ಒಂದು ದೊಡ್ಡ ಲೋಟ ಹಾಲು, ಇಷ್ಟನ್ನು ಮುಗಿಸಿ "ಇವತ್ತು ಏನೂ ತಿಂದಿಲ್ಲಪ್ಪ, ಉಪವಾಸ" ಎಂದು ನಿಟ್ಟುಸಿರು ಬಿಡುವ ಪಂಥಕ್ಕೆ ಸೇರಿದವಳು ನಾನು. ನಮ್ಮ ನ್ಯೂಜೆರ್ಸಿಯ ಮನೆಗಳಲ್ಲಿ ಆವಕಾಡೊ ಕೂಡ ಹಣ್ಣೇ ತಾನೇ ಎಂಬ ಬಲವಾದ ತರ್ಕದಿಂದ ಫಲಾಹಾರದೊಳಕ್ಕೆ ನುಸುಳಿ ಕೂತಿದೆ. ದೇವರ ವಿಷಯದಲ್ಲಿ ನನ್ನದು ಅಷ್ಟಕ್ಕಷ್ಟೇ. ಅವಲಕ್ಕಿಯ ವಿಷಯದಲ್ಲಿ ಮಾತ್ರ ಅಚಲ ಭಕ್ತಿ.

ಇಲ್ಲೇ ಹತ್ತಿರದ ಮನ್ರೋ ಎಂಬ ಊರಿನ ವಿಶಾಲಾಕ್ಷಿ ಆಂಟಿಯದು ಇನ್ನೊಂದು ಪಂಥ. ಅವರ ಉಪವಾಸವೆಂದರೆ ನಿಜವಾದ ಉಪವಾಸ. ನೀರು ಮಾತ್ರ, ಅದೂ ಬಾಯಿ ಒಣಗಿದರೆ. ಮೈಸೂರಿನವರಾದ ಆಂಟಿಗೂ ನನಗೂ ರಕ್ತಸಂಬಂಧವೇನಿಲ್ಲ, ನಮ್ಮದು ಸಾರಿನ ಸಂಬಂಧ. ಯಾರದೋ ಮನೆಯ ಗೃಹಪ್ರವೇಶದಲ್ಲಿ ನನ್ನನ್ನು ನೋಡಿ, ಒಬ್ಬಳೇ ಇರುವ ಹುಡುಗಿ, ಫ್ರಿಜ್ಜಿನಲ್ಲಿ ಮೊಸರು ಬಿಟ್ಟರೆ ಮತ್ತೇನೂ ಇರಲಾರದು ಎಂದು ಒಂದೇ ನೋಟಕ್ಕೆ ಕಂಡುಹಿಡಿದು, ಅಂದಿನಿಂದ ಭಾನುವಾರದ ಊಟಕ್ಕೆ ನನ್ನನ್ನು ಖಾಯಂ ಮಾಡಿಕೊಂಡವರು. ರೋಗ ಪತ್ತೆ ಮಾಡುವುದು ಕಸುಬಾದ ನನಗೇ ಅಷ್ಟು ಕರಾರುವಾಕ್ಕಾಗಿ ಯಾರನ್ನೂ ಒಂದು ನೋಟದಲ್ಲಿ ಹಿಡಿಯಲು ಬಂದಿಲ್ಲ.

ಹೌದು, ನಾನು ಐಸಿಯು ಡಾಕ್ಟರು. ತೀರಾ ಕಾಯಿಲೆಯಾದವರು ಬರುವ ಜಾಗ. ಅಲ್ಲಿ ಯಂತ್ರಗಳು ಹಗಲೂ ರಾತ್ರಿ ಕುಂಯ್‌ಗುಡುತ್ತಿರುತ್ತವೆ, ಪ್ರತಿ ಹೃದಯಕ್ಕೂ ಒಂದು ಪರದೆ, ಪ್ರತಿ ಉಸಿರಿಗೂ ಒಂದು ಗೆರೆ. ಇಷ್ಟೆಲ್ಲ ಇದ್ದೂ ನಮ್ಮ ಕೆಲಸದ ಮುಕ್ಕಾಲು ಪಾಲು ಇರುವುದು ಮಾತಾಡಿಸುವುದರಲ್ಲಿ. ಮಾತಾಡಿಸುವುದರಲ್ಲಿ ನಮ್ಮವರು ಕೊಡುವಷ್ಟು ಕಷ್ಟವನ್ನು ಈ ಭೂಮಂಡಲದಲ್ಲಿ ಬೇರೆ ಯಾರೂ ಕೊಡಲಾರರು. ಬೇರೆಯವರು ಸಣ್ಣದನ್ನು ದೊಡ್ಡದು ಮಾಡಿ ಹೇಳುತ್ತಾರೆ. ನಮ್ಮವರು ಎದೆಯ ಮೇಲೆ ಆನೆ ಕೂತಿದ್ದರೂ "ಸ್ವಲ್ಪ ಭಾರ" ಎನ್ನುತ್ತಾರೆ.

ಅದೊಂದು ಬುಧವಾರ ಬೆಳಿಗ್ಗೆ ಆಂಟಿಯ ಯಜಮಾನರಾದ ಶ್ರೀಕಂಠ ಅಂಕಲ್ ಫೋನು ಮಾಡಿದರು. ನಿವೃತ್ತ ಇಂಜಿನಿಯರು, ಮಾತಿನಲ್ಲಿ ಜಿಪುಣರು. "ಏನಿಲ್ಲಮ್ಮ, ಇವಳಿಗೆ ಬೆಳಿಗ್ಗೆಯಿಂದ ಸ್ವಲ್ಪ ವಾಮಿಟಿಂಗ್. ಉಸಿರೂ ಸ್ವಲ್ಪ ಜೋರಾಗಿ ಬಿಡ್ತಿದಾಳೆ. ನೀನು ಬ್ಯುಸಿ ಇದ್ರೆ ಪರವಾಗಿಲ್ಲ." ಎರಡು ಸಲ ಸ್ವಲ್ಪ, ಒಂದು ಸಲ ಪರವಾಗಿಲ್ಲ! "ಅಂಕಲ್, ಈಗಲೇ ನೈನ್ ಒನ್ ಒನ್ ಮಾಡಿ" ಎಂದು ಕಿರುಚಿದೆ. "ಇಷ್ಟಕ್ಕೆಲ್ಲ ಆಂಬುಲೆನ್ಸಾ? ಅಕ್ಕಪಕ್ಕದವರು ಏನಂದ್ಕೊಳ್ತಾರೆ?" ಎಂದರೂ, ಪುಣ್ಯಾತ್ಮರು ಕೊನೆಗೆ ಕರೆದರು.

ಆಂಟಿ ನಮ್ಮ ಆಸ್ಪತ್ರೆಗೇ ಬಂದರು. ತನ್ನವರಿಗೆ ತಾನೇ ಚಿಕಿತ್ಸೆ ಮಾಡಬಾರದೆಂಬುದು ನಮ್ಮ ಕಸುಬಿನ ಕಟ್ಟುಪಾಡು. ಅಂಕಲ್ ಆಗಲೇ ಬಾಗಿಲಲ್ಲಿ ನನ್ನನ್ನು "ಅಣ್ಣನ ಮಗಳು" ಎಂದು ಘೋಷಿಸಿಬಿಟ್ಟಿದ್ದರಿಂದ ಅವರ ಹೊಣೆ ನನ್ನ ಸಹೋದ್ಯೋಗಿ ಡಾಕ್ಟರ್ ಕೆಲ್ಲಿಗೆ ಹೋಯಿತು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ರೋಗಿಯ ಕಡೆಯವರ ಕುರ್ಚಿಯಲ್ಲಿ ಕೂತೆ. ಆ ಕುರ್ಚಿಯನ್ನು ನೀವು ನೋಡಿರಬಹುದು; ಒರಗಿದರೆ ಬೀಳುತ್ತೇವೆ ಅನ್ನಿಸುತ್ತದೆ, ನೆಟ್ಟಗೆ ಕೂತರೆ ಬೆನ್ನು ಹಿಡಿಯುತ್ತದೆ. ನಿಂತುಕೊಂಡು ಎಷ್ಟೋ ಮನೆಯವರಿಗೆ "ಧೈರ್ಯವಾಗಿರಿ, ನೋಡೋಣ" ಎಂದು ಹೇಳಿದ್ದವಳಿಗೆ ಆ ಮಾತು ಕುರ್ಚಿಯವರೆಗೆ ತಲುಪುವುದೇ ಇಲ್ಲ ಎಂದು ಅವತ್ತು ಗೊತ್ತಾಯಿತು.

ಆಂಟಿ ಅರೆಮಂಪರಿನಲ್ಲಿದ್ದರು. ಓಡಿ ಬಂದವರಂತೆ ಆಳವಾಗಿ, ಬಿಡದೆ, ಉಸಿರೆಳೆಯುತ್ತಿದ್ದರು. ಮಾತಾಡಿಸಿದರೆ ಕೈಯಾಡಿಸುವಷ್ಟೇ ತ್ರಾಣ. ರಕ್ತ ಪರೀಕ್ಷೆ ಬಂತು: ರಕ್ತವೆಲ್ಲ ಆಮ್ಲವಾಗಿ ಹುಳಿಯೇರಿದೆ. ಏಕೆ? ಅದು ಗೊತ್ತಿಲ್ಲ. ಕರುಳಿಗೆ ರಕ್ತದ ಹರಿವು ನಿಂತಿದೆಯೋ, ಎಲ್ಲೋ ಸೋಂಕು ಹೊಕ್ಕಿದೆಯೋ ಎಂದು ಕೆಲ್ಲಿ ಸ್ಕ್ಯಾನು ಮಾಡಿಸಿದಳು, ಆಂಟಿಬಯೋಟಿಕ್ ಶುರುಮಾಡಿದಳು. ಆಂಟಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅದನ್ನೂ ನೋಡಿದರು. ಅಲ್ಲಿ ಅಂಕಲ್ ಎದೆಯುಬ್ಬಿಸಿದರು. "ಶುಗರ್ ಪರ್ಫೆಕ್ಟ್. ದಿನಾ ನಾನೇ ಚೆಕ್ ಮಾಡೋದು. ಲಾಸ್ಟ್ ಒನ್ ಮಂತ್‌ನಿಂದ ಎಕ್ಸಲೆಂಟ್ ಕಂಟ್ರೋಲ್!" ಮಗುವಿನ ಅಂಕಪಟ್ಟಿ ತೋರಿಸುವ ತಂದೆಯ ಮುಖ. ಆಸ್ಪತ್ರೆಯ ಯಂತ್ರವೂ ಅವರ ಮಾತನ್ನೇ ಒಪ್ಪಿತು. ಮಾತ್ರೆ ಯಾವುದು ಎಂದರೆ "ದಿ ಸೇಮ್ ಶುಗರ್ ಟ್ಯಾಬ್ಲೆಟ್ಸ್", ಊಟತಿಂಡಿಯಲ್ಲಿ ಏನಾದರೂ ವಿಶೇಷವೇ ಎಂದರೆ "ನಥಿಂಗ್ ಸ್ಪೆಷಲ್, ಎವ್ರಿಥಿಂಗ್ ನಾರ್ಮಲ್." ಸಕ್ಕರೆಯ ಬಾಗಿಲನ್ನು ಎಲ್ಲರೂ ಮುಚ್ಚಿ ಮುಂದೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಕೆಲ್ಲಿ ನನ್ನ ಹತ್ತಿರ ಬಂದು ಮೆತ್ತಗೆ, ಇವರು ಹೀಗೆ ಉಸಿರೆಳೆದೂ ಎಳೆದೂ ಸುಸ್ತಾಗುತ್ತಿದ್ದಾರೆ, ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಸೇರಿಸಬೇಕಾದೀತು ಎಂದಳು. ರಕ್ತ ಇಷ್ಟು ಹುಳಿಯಿರುವಾಗ ಕೊಳವೆ ಹಾಕುವ ಆ ಎರಡು ನಿಮಿಷದಲ್ಲೇ ಹೃದಯ ನಿಂತದ್ದನ್ನು ನಾನು ಕಂಡವಳು. ಡಾಕ್ಟರಾಗಿ ತಲೆಯಾಡಿಸಿದೆ. ಕುರ್ಚಿಯಲ್ಲಿ ಕೂತವಳಾಗಿ ನನಗೆ ವಿಪರೀತ ಹೆದರಿಕೆಯಾಯಿತು, ಆಂಟಿ ಸತ್ತುಹೋಗುತ್ತಾರೆ ಎಂಬ ನೇರವಾದ, ಮೊದ್ದು ಹೆದರಿಕೆ.

ಪಕ್ಕದಲ್ಲಿ ಅಂಕಲ್ ಕಿಟಕಿಯಾಚೆಗಿನ ಬೂದುಬಣ್ಣದ ಆಕಾಶ ನೋಡುತ್ತ ಗೊಣಗಿದರು. "ಎಲ್ಲಾ ಈ ದರಿದ್ರ ಮೋಡದಿಂದ. ನಿನ್ನೆ ಚಂದ್ರ ಕಾಣಿಸಿದ್ದಿದ್ರೆ ಒಂದು ತುತ್ತಾದ್ರೂ ತಿಂದಿರೋಳು."

"ಏನಂದ್ರಿ ಅಂಕಲ್?"

"ನಿನ್ನೆ ಸಂಕಷ್ಟಿ ಅಲ್ವೇನಮ್ಮ, ಅದೂ ಮಂಗಳವಾರದ್ದು. ಚಂದ್ರನ್ನ ನೋಡದೆ ಊಟ ಮಾಡಲ್ಲ ಅಂತ ಹಠ. ಫೋನಲ್ಲಿ ಆಪ್ ಹಾಕಿ, ನೋಡೇ, ಚಂದ್ರ ಇಲ್ಲೇ ಇದಾನೆ, ಗರಾಜಿನ ಮೇಲೆ, ಮೂವತ್ತು ಡಿಗ್ರಿ ಅಂತ ತೋರಿಸ್ದೆ. ಫೋನಲ್ಲಿರೋ ಚಂದ್ರಂಗೆ ಅರ್ಘ್ಯ ಬಿಟ್ರೆ ಫೋನ್ ಕೆಡಲ್ವಾ ಅಂದ್ಲು. ಹಾಗೇ ಮಲಗಿದ್ಲು."

"ಮೊನ್ನೆ ಏನು ತಿಂದ್ರು?"

"ಮೊನ್ನೆ ಸೋಮವಾರ. ಸೋಮವಾರ ಅವಳು ಏನೂ ತಿನ್ನಲ್ವಲ್ಲ."

"ಅಂಕಲ್! ಬೆಳಿಗ್ಗೆ ಕೇಳಿದಾಗ ಎಲ್ಲ ನಾರ್ಮಲ್ ಅಂದ್ರಲ್ಲ!"

"ಹೌದಲ್ಲ, ಅವಳಿಗೆ ಇದೇ ನಾರ್ಮಲ್ಲು" ಎಂದರು ಅಂಕಲ್, ನನ್ನ ದಡ್ಡತನಕ್ಕೆ ಮರುಗುತ್ತ.

"ಮಾತ್ರೆ? ಹೊಸ ಮಾತ್ರೆ ಏನಾದ್ರೂ ಶುರುಮಾಡಿದಾರಾ?"

"ಹೋದ ತಿಂಗಳು ಒಂದು ಸೇರಿಸಿದ್ರು. ಅದೂ ಶುಗರ್ ಮಾತ್ರೆನೇ ಅಲ್ವಾ? ಒಂದು ದಿನಾನೂ ತಪ್ಪಿಸಿಲ್ಲ. ನಿನ್ನೆನೂ ಕೊಟ್ಟಿದೀನಿ, ಮೊನ್ನೆನೂ ಕೊಟ್ಟಿದೀನಿ."

ಜೇಬಿನಿಂದ ಅದರ ಡಬ್ಬಿಯನ್ನೇ ತೆಗೆದು ಕೊಟ್ಟರು, ಹೆಸರು ಓದಿದೆ. ಅಯ್ಯೋ ದೇವರೇ! ಎದ್ದ ರಭಸಕ್ಕೆ ಕುರ್ಚಿ ಬಿತ್ತು. ವಿಷಯ ಇಷ್ಟೇ: ಹೊಟ್ಟೆಗೇನೂ ಬೀಳದಿದ್ದಾಗ ದೇಹ ತನ್ನ ಕೊಬ್ಬನ್ನು ಉರಿಸಿಕೊಳ್ಳುತ್ತದೆ, ಉರಿದದ್ದರಿಂದ ಆಮ್ಲ ಹುಟ್ಟುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಕೈಮೀರಿದಾಗ ರಕ್ತದ ಸಕ್ಕರೆಯೂ ಮುಗಿಲು ಮುಟ್ಟಿರುತ್ತದೆ, ಹಾಗಾಗಿ ಸುಲಭವಾಗಿ ಸಿಕ್ಕಿಬೀಳುತ್ತದೆ. ಆದರೆ ಈ ಹೊಸ ಜಾತಿಯ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಸಾಗಹಾಕುತ್ತದೆ. ಊಟ ಬಿಟ್ಟು ಇದನ್ನು ನುಂಗಿದರೆ ಒಳಗೆ ಆಮ್ಲ ಏರುತ್ತಲೇ ಇರುತ್ತದೆ, ಹೊರಗೆ ಸಕ್ಕರೆ ಮಾತ್ರ ಏನೂ ಅರಿಯದ ಸಾಧ್ವಿಯಂತೆ ಕೂತಿರುತ್ತದೆ. ಇದನ್ನು ಕಿರಿಯ ಡಾಕ್ಟರುಗಳಿಗೆ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು ನಾನೇ. ಆಂಟಿ ದೇವರಿಗೂ ಮೋಸ ಮಾಡಲಿಲ್ಲ, ಡಾಕ್ಟರಿಗೂ ಮೋಸ ಮಾಡಲಿಲ್ಲ. ಇಬ್ಬರಿಗೂ ನಿಯತ್ತಾಗಿದ್ದು ಜೀವಕ್ಕೆ ಸಂಚಕಾರ ತಂದುಕೊಂಡಿದ್ದರು.

ಕೆಲ್ಲಿಗೆ ಹೇಳಿದೆ. ಚಂದ್ರನ ಕಥೆ ಕೇಳಿ ಅವಳು ಒಂದು ಕ್ಷಣ ನನ್ನ ಬುದ್ಧಿ ಸರಿಯಿದೆಯೇ ಎಂದು ನೋಡಿದಳು, ಮಾತ್ರೆಯ ಹೆಸರು ಕೇಳಿದ್ದೇ ಓಡಿದಳು. ಕೊಬ್ಬು ಉರಿದು ಹುಟ್ಟುವ ಆ ಆಮ್ಲದ, ಅಂದರೆ ಕೀಟೋನಿನ, ಪರೀಕ್ಷೆ ಮಾಡಿದರೆ ಅದು ಎಲ್ಲೆ ಮೀರಿತ್ತು. ಒಂದು ಕೈಗೆ ಆಮ್ಲ ತಡೆಯಲು ಇನ್ಸುಲಿನ್, ಇನ್ನೊಂದು ಕೈಗೆ ಸಕ್ಕರೆ ಕುಸಿಯದಂತೆ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ. ಸಂಜೆಯ ಹೊತ್ತಿಗೆ ಉಸಿರಿನ ಓಟ ನಡಿಗೆಗೆ ಇಳಿಯಿತು. ಕೊಳವೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ವೈದ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಮೋಡವನ್ನು ರೋಗಕಾರಣವೆಂದು ಬರೆದಿಲ್ಲ, ಮನ್ರೋ ಟೌನ್‌ಶಿಪ್ಪಿನ ಮಟ್ಟಿಗಾದರೂ ಒಂದು ಅಡಿಟಿಪ್ಪಣಿ ಸೇರಿಸಬೇಕು.

ಗುರುವಾರ ಆಂಟಿ ಕಣ್ಣುಬಿಟ್ಟು ಮೊದಲು ಕೇಳಿದ್ದು ತಲೆಯ ಮೇಲೆ ತೂಗುತ್ತಿದ್ದ ಚೀಲದಲ್ಲೇನಿದೆ ಎಂದು. ಸಕ್ಕರೆ ನೀರು ಎಂದೆ. ಮುಖ ಕಪ್ಪಿಟ್ಟಿತು. "ಉಪವಾಸ ಕೆಡಿಸಿಬಿಟ್ರಲ್ಲೇ." ಬಾಯಿಂದ ಹೋಗದೆ ನರದಿಂದ ಹೋದದ್ದು ಊಟವೆನಿಸುವುದಿಲ್ಲ ಎಂದು ನಾನು ಶಾಸ್ತ್ರಿಗಳ ಗತ್ತಿನಲ್ಲಿ ತೀರ್ಪು ಕೊಟ್ಟೆ. ಸ್ವಲ್ಪ ಸಮಾಧಾನವಾಯಿತು. ಆ ಸಮಾಧಾನ ನೋಡಿ ನನಗೆ ಸಿಟ್ಟು ಬಂತು. "ಅಷ್ಟಕ್ಕೂ ಯಾವ ಘನಕಾರ್ಯಕ್ಕೆ ಆಂಟಿ ಈ ಸಂಕಷ್ಟಿ? ಯಾರನ್ನ ಉದ್ಧಾರ ಮಾಡೋಕೆ?"

"ನಿನ್ನನ್ನೇ ಕಣೇ."

ಹೋದ ಚಳಿಗಾಲದ ಒಂದು ಭಾನುವಾರ ನಾನು ಅವರ ಮನೆಯಲ್ಲಿ ತಟ್ಟೆಯ ಮುಂದೆ ಕೂತು, ಅನ್ನ ಕಲಸಿ ಕಲಸಿ, ತಿನ್ನದೆ ಎದ್ದುಹೋಗಿದ್ದೆನಂತೆ. ಕೇಳಿದ್ದಕ್ಕೆ ಕಾಲೇಜು ಹುಡುಗಿಯೊಬ್ಬಳು ಹೋಗಿಬಿಟ್ಟಳು ಎಂದಿದ್ದೆನಂತೆ. "ಅವತ್ತೇ ಹರಕೆ ಹೊತ್ತೆ. ಇವಳ ಕೈಯಲ್ಲಿ ಇನ್ಯಾರೂ ಹೋಗಬಾರ್ದಪ್ಪ ಗಣೇಶ, ಪ್ರತಿ ಸಂಕಷ್ಟಿಗೂ ನಾನು ಊಟ ಬಿಡ್ತೀನಿ ಅಂತ."

"ಆಂಟಿ, ನಾನಿರೋದು ಐಸಿಯುನಲ್ಲಿ! ಅಲ್ಲಿ ಜನ ಹೋಗ್ತಾರೆ."

"ಅದಕ್ಕೇ ತಾನೇ ಹರಕೆ? ಹೋಗದೇ ಇರೋ ಕಡೆಗೆ ಯಾರಾದ್ರೂ ಹರಕೆ ಹೊರ್ತಾರಾ?" ಎಂದವರು ದನಿ ತಗ್ಗಿಸಿದರು. "ಅಲ್ಲಿಂದೀಚೆಗೆ ಯಾರೂ ಹೋಗಿಲ್ಲ ತಾನೇ? ನೀನೇನೂ ಹೇಳಲೇ ಇಲ್ಲ."

ಈಗ ನನ್ನ ಪಾಡು ನೋಡಿ. ಅಲ್ಲಿಂದೀಚೆಗೆ ಎಷ್ಟೋ ಜನ ಹೋಗಿದ್ದರು. ಭಾನುವಾರದ ಊಟದ ಮುಂದೆ ಸಾವಿನ ಸುದ್ದಿಯೇಕೆಂದು ನಾನೇ ಬಾಯಿ ಬಿಟ್ಟಿರಲಿಲ್ಲ. ಹೋಗಿದ್ದಾರೆ ಎಂದರೆ ಹರಕೆ ಸಾಲದೆಂದು ವಾರಕ್ಕೆ ಇನ್ನೆರಡು ದಿನದ ಉಪವಾಸ ಸೇರಿಸಿಯಾರು. ಹೋಗಿಲ್ಲ ಎಂದರೆ ಫಲಿಸಿತೆಂದು ಮುಂದುವರಿಸಿಯಾರು. ಹೇಗೆ ಹೇಳಿದರೂ ಈ ಮಹಾತಾಯಿ ಊಟ ಬಿಡುವವರೇ. ಆ ಮಾತ್ರೆಯನ್ನೇನೋ ಕೆಲ್ಲಿ ಅಂದೇ ನಿಲ್ಲಿಸಿದ್ದಳು, ಆದರೆ ಈ ವಯಸ್ಸಿನಲ್ಲಿ, ಈ ಕಾಯಿಲೆಯಲ್ಲಿ, ಹೀಗೆ ಹೊಟ್ಟೆ ಒಣಗಿಸಿದರೆ ಇನ್ನೊಂದು ಸಲ ನಾವು ಹಿಡಿಯುವಷ್ಟರಲ್ಲಿ ಹೊತ್ತು ಮೀರಿರಬಹುದು. ನಾನು "ರೆಸ್ಟ್ ಮಾಡಿ" ಎಂದು ಜಾರಿಕೊಂಡೆ.

ಶುಕ್ರವಾರ ಬೆಳಿಗ್ಗೆ, ಆಂಟಿಯ ಕೋಣೆಯಿಂದ ಮೂರನೆಯದರಲ್ಲಿದ್ದ ನನ್ನ ರೋಗಿಯೊಬ್ಬರು ತೀರಿಕೊಂಡರು. ಬಸ್ಸು ಓಡಿಸುತ್ತಿದ್ದ, ನಗಿಸುತ್ತಿದ್ದ ಮನುಷ್ಯ. ಅವರ ಹೆಂಡತಿಯ ಜೊತೆ ಕೂತಿದ್ದು, ಮುಖ ತೊಳೆದುಕೊಂಡು, ನಗುವೊಂದನ್ನು ಅಂಟಿಸಿಕೊಂಡು ಆಂಟಿಯ ಕೋಣೆಗೆ ಹೋದೆ. ಊಟ ಕೊಡಬಹುದೆಂದು ಕೆಲ್ಲಿ ಹೇಳಿದ್ದರಿಂದ ಅಂಕಲ್ ಮನೆಯಿಂದ ಅನ್ನ, ತಿಳಿಸಾರು ತಂದಿದ್ದರು. ಆಂಟಿ ಬಟ್ಟಲು ಹಿಡಿದು ಕೂತಿದ್ದರು, ತಿಂದಿರಲಿಲ್ಲ.

"ತಿನ್ನಿ ಆಂಟಿ, ಆರಿಹೋಗುತ್ತೆ."

ಅವರು ನನ್ನನ್ನೇ ನೋಡಿದರು. ನಾಡಿ ಹಿಡಿಯಲಿಲ್ಲ, ಸ್ಕ್ಯಾನು ಕೇಳಲಿಲ್ಲ. "ಯಾರು ಹೋದ್ರು?"

"ಯಾರೂ ಇಲ್ಲ ಆಂಟಿ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು." ನಾನು ನೆಲ ನೋಡುತ್ತಿದ್ದೆ. "ಹಾಗಾದ್ರೆ ನಡುವೆನೂ ಹೋಗ್ತಾನೇ ಇದ್ರು ಅನ್ನು. ನನಗೆ ಹೇಳಲಿಲ್ಲ ಅಷ್ಟೇ."

ನಾನು ತಲೆಯಾಡಿಸಿದೆ.

"ಹೋಗ್ಲಿ ಬಿಡು. ಅವರನ್ನ ಉಳಿಸ್ಕೊಳ್ಳೋದು ನನ್ನ ಕೈಲೂ ಇಲ್ಲ, ನಿನ್ನ ಕೈಲೂ ಇಲ್ಲ. ನಾನು ಕೇಳಿಕೊಂಡಿದ್ದೇ ತಪ್ಪು." ಬಟ್ಟಲನ್ನು ನನ್ನ ಕಡೆ ನೂಕಿದರು. "ಈಗ ಬೇರೆ ಹರಕೆ. ಯಾರಾದ್ರೂ ಹೋದ ದಿನ ನೀನು ಊಟ ಬಿಡಬಾರ್ದು. ನೀನು ತಿನ್ನೋವರೆಗೂ ನಾನೂ ತಿನ್ನಲ್ಲ. ಗಣೇಶನ ಹತ್ರ ನಾನು ಮಾತಾಡ್ಕೋತೀನಿ. ತಿನ್ನು."

ಅಂಕಲ್ ಇನ್ನೊಂದು ಚಮಚ ಹುಡುಕಿ ಕೊಟ್ಟರು. ಆ ಮೂಲೆಯ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕೂತೆ. ಮೊದಲನೆಯ ತುತ್ತಿಗೆ ಅಳು ಬಂತು. ಎರಡನೆಯ ತುತ್ತಿಗೆ ಹಸಿವಾಯಿತು. ಮೂರನೆಯದನ್ನು ನಾನು ಬಾಯಿಗಿಡುವುದನ್ನು ಖಾತ್ರಿ ಮಾಡಿಕೊಂಡು ಆಂಟಿ ತಮ್ಮ ಚಮಚವನ್ನು ಅದೇ ಬಟ್ಟಲಿಗೆ ಹಾಕಿದರು.