ಭಾವನ ಕಣ್ಣಿನ ಪರೀಕ್ಷೆ

ನನ್ನ ಅಕ್ಕನ ಗಂಡ ವಿಮಾನದ ಇಂಜಿನ್ನಿಗೆ ಬ್ಲೇಡು ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಇಂಜಿನಿಯರ್. ನಾನೂ ಅಲ್ಲೇ, ಅವರ ಕೈಕೆಳಗೆ. ಮನೆಯಲ್ಲಿ ಭಾವ, ಕೆಲಸದಲ್ಲಿ ಸರ್. ಎರಡೂ ಕಡೆ ತಪ್ಪು ಹುಡುಕುವವರೇ. ಹೊಸ ಬೀರುವಿನ ಬಾಗಿಲು ಕೂದಲೆಳೆಯಷ್ಟು ಓರೆ ಎಂದು ಎರಡು ಸಲ ವಾಪಸು ಕಳಿಸಿದ ಮಹಾನುಭಾವರು. "ನನ್ನನ್ನ ಮೊದಲ ಸಲ ನೋಡಿದ ದಿನ ಕರೆಂಟ್ ಹೋಗಿತ್ತು ಕಣೇ, ಅದಕ್ಕೇ ನಾನು ಪಾಸಾದೆ" ಎನ್ನುತ್ತಾಳೆ ಅಕ್ಕ.

ನಮ್ಮದು ಕತ್ತಲೆ ಕೋಣೆಯ ಕೆಲಸ. ಬ್ಲೇಡನ್ನು ಹೊಳೆಯುವ ದ್ರವದಲ್ಲಿ ಅದ್ದಿ, ತೊಳೆದು, ನೇರಳೆ ದೀಪದಡಿ ಹಿಡಿದರೆ ಬಿರುಕಿದ್ದ ಕಡೆ ಹಸಿರು ಗೆರೆ ಮೂಡುತ್ತದೆ. ಗೆರೆಯಿಲ್ಲದಿದ್ದರೆ ಭಾವ ಅದರ ಚೀಟಿಗೆ ತಮ್ಮ ಸೀಲು ಒತ್ತುತ್ತಾರೆ. ಸೀಲು ಒಬ್ಬೊಬ್ಬರಿಗೆ ಒಂದು. ಭಾವನದು ಊಟಕ್ಕೆ ಹೋದರೂ ಜೇಬಿನಲ್ಲೇ. ಅದನ್ನು ಉಳಿಸಿಕೊಳ್ಳಲು ಪ್ರತಿ ವರ್ಷ ಕಣ್ಣಿನ ಪರೀಕ್ಷೆ ಪಾಸಾಗಬೇಕು.

ಈ ವರ್ಷ ನಾವಿಬ್ಬರೂ ಒಟ್ಟಿಗೇ ಹೋದೆವು. ಕಾರ್ಖಾನೆಯ ನರ್ಸಮ್ಮ ಅದೇ ಹಳೆಯ ಅಕ್ಷರದ ಕಾರ್ಡು ಕೊಟ್ಟರು. ಭಾವ ಕೊನೆಯ ಸಾಲಿನವರೆಗೂ ನೀರು ಕುಡಿದಷ್ಟು ಸಲೀಸಾಗಿ ಹೇಳಿದರು. ನರ್ಸಮ್ಮ ಪಾಸು ಎಂದು ಬರೆಯಲು ಪೆನ್ನು ಎತ್ತಿಕೊಂಡರೂ ಭಾವ ಕುರ್ಚಿ ಬಿಟ್ಟು ಏಳಲಿಲ್ಲ.

"ಬೇರೆ ಕಾರ್ಡ್ ಇದ್ಯಾ?" ಎಂದರು.

"ಯಾಕೆ ಸರ್? ಎಲ್ಲಾ ಸರಿಯಾಗೇ ಹೇಳಿದ್ರಲ್ಲ."

"ಹೇಳಿದೆ, ಓದಲಿಲ್ಲ. ಇಷ್ಟು ವರ್ಷದಲ್ಲಿ ಬಾಯಿಪಾಠ ಆಗ್ಬಿಟ್ಟಿದೆ. ಕೆಳಗಿನ ಸಾಲು ನಂಗೆ ಮಸುಕು ಮಸುಕು."

ನನಗೆ ಸಿಟ್ಟು ಬಂತು. ಸುಮ್ಮನೆ ಎದ್ದು ಬರಲು ಏನಾಗಿತ್ತು ಈ ಮನುಷ್ಯನಿಗೆ! ನರ್ಸಮ್ಮ ಕಪಾಟು ತಡಕಾಡಿ ಇನ್ನೊಂದು ಕಾರ್ಡು ತಂದರು. ಕೊನೆಯ ಎರಡು ಸಾಲಿನಲ್ಲಿ ಭಾವನಿಗೆ ಒಂದಕ್ಷರವೂ ಸಿಗಲಿಲ್ಲ. ಕಣ್ಣಿನ ಡಾಕ್ಟರು ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರು. ಅಲ್ಲಿಯವರೆಗೆ ಸೀಲು ಇಲ್ಲ.

ಸೀಲು ಒಪ್ಪಿಸಿ ಮನೆಗೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ಬಿಡಬೇಕಲ್ಲ! ತಾವು ಈಚೆಗೆ ಪಾಸು ಮಾಡಿದ ಬ್ಲೇಡುಗಳನ್ನೆಲ್ಲ ಉಗ್ರಾಣದಲ್ಲೇ ತಡೆಸಿದರು. ಹೊರಗೆ ಹೋದವನ್ನೂ ಬಳಸಬೇಡಿ ಎಂದು ಗಿರಾಕಿಗೆ ತಿಳಿಸಿ ಎಂದಾಗ ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತರು. ಎಲ್ಲವನ್ನೂ ಮತ್ತೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಕತ್ತಲೆ ಕೋಣೆಯಲ್ಲಿ ಭಾವ ನನ್ನ ಹಿಂದೆ ಸ್ಟೂಲಿನ ಮೇಲೆ ಕೂತರು. ಒಂದಾದ ಮೇಲೊಂದು ಟ್ರೇ ಮುಗಿಯಿತು, ಗೆರೆಯಿಲ್ಲ. ಪ್ರತಿ ಬ್ಲೇಡು ಎತ್ತುವಾಗಲೂ ಇವರ ಹೆಸರು ಕೆಡದಿರಲಿ ಎಂದುಕೊಳ್ಳುತ್ತಿದ್ದೆ. ಕೊನೆಯ ಟ್ರೇಯಲ್ಲಿ ಒಂದು ಬ್ಲೇಡಿನ ಬುಡದಲ್ಲಿ ಸಣ್ಣ ಹಸಿರು ಎಳೆ ಕಂಡಿತು. ನೂಲಿರಬಹುದು ಎಂದು ಒರೆಸಿದೆ. ಮತ್ತೆ ಮೂಡಿತು.

"ಭಾವ..." ಎಂದೆ. ಕೆಲಸದಲ್ಲಿ ಹಾಗೆ ಕರೆದದ್ದು ಅದೇ ಮೊದಲು.

ಅವರು ಬ್ಲೇಡು ತೆಗೆದುಕೊಂಡು ದೀಪದಡಿ ತಿರುಗಿಸಿದರು, ಮೂಗಿನ ಹತ್ತಿರ ತಂದರು.

"ನಂಗೇನೂ ಕಾಣ್ತಿಲ್ಲ. ನಿಂಗೆ ಕಾಣ್ತಿದ್ಯಾ?"

"ಕಾಣ್ತಿದೆ."

"ಹಾಗಾದ್ರೆ ಇದೆ."

ತಡಕಾಡಿ ಫೇಲಾದ ಬ್ಲೇಡಿನ ಕೆಂಪು ಚೀಟಿಯನ್ನು ತಾವೇ ಕಟ್ಟಿದರು. ನಾನು ದುಃಖ ತಡೆಯಲಾಗದೆ ಬಿಕ್ಕಿದೆ.

"ಅಳ್ಬೇಡ ಮಾರಾಯ್ತಿ," ಎಂದರು ಭಾವ. "ಕಣ್ಣು ಮಂಜಾಗತ್ತೆ. ಇನ್ನೂ ಅರ್ಧ ಟ್ರೇ ಇದೆ."

ಕಣ್ಣೊರೆಸಿಕೊಂಡು ಮುಂದಿನ ಬ್ಲೇಡು ಎತ್ತಿಕೊಂಡೆ.