ವರಾಂಡದ ಲೋಟ

ಡಾಕ್ಟ್ರಮ್ಮನ ತಮ್ಮ ಸತ್ತದ್ದು ನಮ್ಮ ಆಸ್ಪತ್ರೆಯ ವರಾಂಡದಲ್ಲಿ, ನೆಲ ಒರೆಸುವ ಬಕೆಟ್ಟುಗಳ ಪಕ್ಕ. ನಾನು ಆ ವಾರ್ಡಿನ ಆಯಾ. ಎಚ್‌ಐವಿ ಎಂದು ಗೊತ್ತಾದ ದಿನವೇ ದೊಡ್ಡ ಡಾಕ್ಟರು ಅವನ ಮಂಚವನ್ನು ಹೊರಗೆ ಹಾಕಿಸಿದರು. ಅವನ ಸ್ಟೀಲ್ ಲೋಟ ತೋರಿಸಿ, "ಆಯಮ್ಮ, ಇದನ್ನ ಎಸೆದುಬಿಡು. ಅಂಟಿಕೊಳ್ಳುತ್ತೆ" ಎಂದರು.

ಆಗ ಡಾಕ್ಟ್ರಮ್ಮ ಅವರ ಕೈಕೆಳಗೆ ಕಲಿಯುತ್ತಿದ್ದ ಹುಡುಗಿ. ನನ್ನ ಕೈಯಿಂದ ಲೋಟ ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡಳು.

"ಇರಲಿ ಆಯಮ್ಮ. ಒಂದಿನ ಕೆಲಸಕ್ಕೆ ಬರುತ್ತೆ."

ಆಮೇಲೆ ಇಪ್ಪತ್ತೆರಡು ವರ್ಷ ಅವಳು ಆ ರೋಗದ ಬೆನ್ನು ಬಿಡಲಿಲ್ಲ. ಲಾರಿ ನಿಲ್ದಾಣ, ಲಾಡ್ಜು, ಜೈಲು ಎಲ್ಲ ಸುತ್ತಿದಳು. ದಿನಕ್ಕೊಂದು ಮಾತ್ರೆ ನುಂಗಿದರೆ ರೋಗ ತಗಲದಂತೆ ತಡೆಯಬಹುದೇ ಎಂಬುದು ಅವಳ ಸಂಶೋಧನೆ. ಸರಿಯಾಗಿ ನುಂಗುತ್ತಿದ್ದಾರೋ ಇಲ್ಲವೋ ಎಂದು ಅವಳು ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುವಾಗ ಒಬ್ಬ ಡ್ರೈವರ್ ಹಲ್ಲು ಕಿರಿದ.

"ನನ್ನ ಹೆಂಡ್ತಿನೂ ಇಷ್ಟು ಲೆಕ್ಕ ಕೇಳಲ್ಲ ಡಾಕ್ಟ್ರಮ್ಮ!"

"ಅವಳು ಕೇಳಿದ್ದಿದ್ರೆ ನೀನು ಇಲ್ಲಿಗೆ ಬರ್ತಿರಲಿಲ್ಲ ಬಿಡಪ್ಪ."

ನಗುತ್ತಿದ್ದಳು. ಆದರೆ ಆಸ್ಪತ್ರೆಯ ತನ್ನ ಕೋಣೆಯಲ್ಲಿ ಕಪಾಟಿನ ಮೇಲಿಟ್ಟಿದ್ದ ಆ ಲೋಟವನ್ನು ದಿನಾ ತಾನೇ ಒರೆಸುತ್ತಿದ್ದಳು.

ಹೋದ ವರ್ಷ ಒಂದು ಬೆಳಗ್ಗೆ ದೊಡ್ಡ ಡಾಕ್ಟರು ಆ ಕೋಣೆಯ ಬಾಗಿಲಿಗೆ ಬಂದರು. ನಿವೃತ್ತಿಯಾದರೂ ಕ್ಲಿನಿಕ್ಕು ಬಿಟ್ಟಿರಲಿಲ್ಲ. ರೋಗಿಗೆ ಚುಚ್ಚಿದ ಸೂಜಿಗೆ ಹಳೇ ಚಾಳಿಯಂತೆ ಎರಡೂ ಕೈಯಲ್ಲಿ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡಿದ್ದರು. ಆ ರೋಗಿಗೆ ಎಚ್‌ಐವಿ. ಮೂರು ದಿನದೊಳಗೆ ರೋಗ ತಡೆಯುವ ಮಾತ್ರೆ ಶುರುವಾಗದಿದ್ದರೆ ಆಮೇಲೆ ನುಂಗಿ ಪ್ರಯೋಜನವಿಲ್ಲ; ಅದನ್ನು ಕೊಡುವವಳು ಇವಳೇ.

"ಬೇಗ ಕೊಡಮ್ಮ" ಎಂದರು.

ಇವಳು ಕೊಡುವುದಿಲ್ಲವೇನೋ ಎಂದು ನನಗೆ ಅನ್ನಿಸಿತು. ಸುಳ್ಳೇಕೆ ಹೇಳಲಿ, ಕೊಡದಿರಲಿ ಎಂದೂ ಅನ್ನಿಸಿತು.

ಅವಳು ಮಾತ್ರೆ ತೆಗೆದಳು. "ಆಯಮ್ಮ, ಆ ಲೋಟದಲ್ಲಿ ನೀರು ಕೊಡಿ." ಅವರತ್ತ ತಿರುಗಿದಳು. "ಗುರುತು ಸಿಕ್ತಾ ಸರ್? ನನ್ನ ತಮ್ಮಂದು. ಅಂಟಿಕೊಳ್ಳುತ್ತೆ ಅಂದಿದ್ರಲ್ಲ, ಕುಡೀರಿ."

ಅವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಕುಡಿದರು.

ಹೀಗೆ ಸೂಜಿ ಚುಚ್ಚಿಕೊಂಡು ಬಂದ ಬೇರೆಯವರಿಗೆ ಇಪ್ಪತ್ತೆಂಟು ದಿನದ ಮಾತ್ರೆಯನ್ನು ಒಟ್ಟಿಗೇ ಕೊಟ್ಟು ಕಳಿಸುತ್ತಿದ್ದಳು. ಇವರಿಗೆ ಮಾತ್ರ, "ದಿನಾ ಇಲ್ಲೇ ಬಂದು ನುಂಗಿ ಸರ್. ವರಾಂಡದಲ್ಲಿ ಬಕೆಟ್ ಪಕ್ಕ ಬೆಂಚಿದೆ."

ದಿನಾ ಬಂದರು. ಅವರ ಹತ್ತಿರ ಪಾಠ ಕಲಿತವರೇ ಈಗ ಅಲ್ಲಿ ಡಾಕ್ಟರುಗಳು. ಹಾದುಹೋಗುವಾಗೆಲ್ಲ ಇವರು ತಲೆ ತಗ್ಗಿಸುತ್ತಿದ್ದರು. ನೀರು ಕೊಡುವವಳು ನಾನು. ಬೇಕೆಂದೇ ತಡಮಾಡುತ್ತಿದ್ದೆ.

ಕೊನೆಯ ದಿನ ಕೇಳಿದರು, "ಈಗಲಾದ್ರೂ ಮನಸ್ಸು ತಣ್ಣಗಾಯ್ತೇನಮ್ಮ?"

ಅವಳು ಲೋಟ ತೊಳೆದು ಕಪಾಟಿನ ಮೇಲಿಟ್ಟಳು.

"ಮಾತ್ರೆ ಮುಗೀತು ಸರ್, ಅಷ್ಟೇ. ರಕ್ತಪರೀಕ್ಷೆಗೆ ಬನ್ನಿ. ಬೆಂಚು ಅಲ್ಲೇ ಇರುತ್ತೆ."