ನುಗ್ಗೆಮರದ ಸೊಂಟಪಟ್ಟಿ

ನಂದಿದುರ್ಗದ ಚಿನ್ನದ ಗಣಿಯಲ್ಲಿ ಜಯರಾಮಪ್ಪನ ಕೆಲಸವೆಂದರೆ ಸುರಂಗ ಕುಸಿಯದಂತೆ ಮರದ ಕಂಬಗಳ ಆಸರೆ ಕೊಡುವುದು. ಹಲವು ವರ್ಷ ಆ ಕೆಲಸ ಮಾಡಿ ಅವನಿಗೆ ಭೂಮಿಯ ಮೇಲಿನ ವಸ್ತುಗಳಲ್ಲಿಯೂ ನಂಬಿಕೆ ಹೊರಟುಹೋಗಿತ್ತು. ಹೋಟೆಲಿಗೆ ಹೋದರೆ ಮೊದಲು ತೊಲೆ ನೋಡಿ ಆಮೇಲೆ ಕಾಫಿ ಹೇಳುತ್ತಿದ್ದನು. ಮದುವೆಯ ಊಟದ ನಡುವೆ ಎದ್ದುಹೋಗಿ ಚಪ್ಪರದ ಕಂಬ ಅಲುಗಿಸಿ ಬರುತ್ತಿದ್ದನು.

ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ಅವನ ಮನೆಯ ಮುಂದೆ ಒಂದು ನುಗ್ಗೆಮರವಿತ್ತು. ಅವನ ತಾಯಿ ಬೇತಮಂಗಲದಿಂದ ಬಸ್ಸಿನಲ್ಲಿ ಕೊಂಬೆಯೊಂದನ್ನು ಮಡಿಲಲ್ಲಿಟ್ಟು ತಂದು ನೆಟ್ಟು, ಅದು ಚಿಗುರಿದ್ದನ್ನು ಕಂಡು ಕಣ್ಣು ಮುಚ್ಚಿದ್ದಳು. ಆ ಮರ ಹೋದರೆ ತಾಯಿ ಎರಡನೆಯ ಸಲ ಹೋದಂತೆ ಎಂದು ಅವನು ತಿಳಿದಿದ್ದನು.

ಐವತ್ತೆಂಟನೆಯ ಇಸವಿಯ ಬಿರುಗಾಳಿಗೆ ಅದರ ಕೊಂಬೆಯೊಂದು ಮುರಿಯಿತು. ಮುರಿದಲ್ಲಿ ಇಣುಕಿದರೆ ಒಳಗೆಲ್ಲ ಟೊಳ್ಳು.

“ಆದಿಲಕ್ಷ್ಮೀ, ಒಳಗೆ ಪೂರಾ ಗುಹೆ ಕಣೇ! ಕುಸೀತದೆ!”

“ಅದರ ಪಾಡಿಗೆ ಅದು ನಿಂತೈತೆ. ನೀನು ಸುಮ್ಕಿರಯ್ಯ,” ಎಂದಳು ಹೆಂಡತಿ.

ಸುಮ್ಮನಿರುವುದು ಅವನ ಜಾಯಮಾನವಲ್ಲ. ಗಣಿಯವರು ಎಸೆದಿದ್ದ ಉಕ್ಕಿನ ಹಗ್ಗದ ಎಳೆಗಳನ್ನು ತಂದು ಕಾಂಡಕ್ಕೆ ಸುತ್ತಿ, ಕೋಲು ತೂರಿಸಿ ತಿರುಚಿ, ಮರ ಕಿರ್ರೆನ್ನುವ ತನಕ ಬಿಗಿದನು.

ಆ ಸಲ ಮರ ಹಿಂದೆಂದೂ ಕಾಣದಷ್ಟು ಹೂ ಬಿಟ್ಟಿತು. “ನೋಡ್ರಲಾ! ಆಸರೆ ಕೊಟ್ರೆ ಮರಾನೂ ನಗ್ತದೆ,” ಎಂದು ಲೈನಿನವರನ್ನೆಲ್ಲ ಕರೆದು ತೋರಿಸಿದನು.

ನಗು ಬಹಳ ದಿನ ಉಳಿಯಲಿಲ್ಲ. ತಂತಿಯ ಮೇಲ್ಗಡೆ ತೊಗಟೆ ಊದಿತು, ಕೆಳಗಡೆ ಸೊರಗಿತು. ಎಲೆಗಳು ಹಳದಿಯಾಗಿ ಉದುರತೊಡಗಿದವು. ಜಯರಾಮಪ್ಪನಿಗೆ ತೋಚಿದ ಮದ್ದು ಇನ್ನೊಂದು ಸುತ್ತು ತಂತಿ.

“ಪಾಪ, ನನ್ನ ಮದುವೆ ರವಿಕೆ ಈಗ ತೊಟ್ಟಂಗೈತೆ,” ಎಂದಳು ಆದಿಲಕ್ಷ್ಮಿ.

ಅವಳ ತಮ್ಮ ಚಲಪತಿ ಬಂಗಾರಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಮಾರಿಕುಪ್ಪಂ ರೈಲಿನಲ್ಲಿ ಬಂದವನು ಮರ ನೋಡಿ ಹೌಹಾರಿದನು.

“ಬಾವಾ, ಒಳಗೆ ಟೊಳ್ಳಾದರೆ ಮರ ಸಾಯಲ್ಲ. ಎಲೆ ಅದರ ಅಡುಗೆಮನೆ. ಅಲ್ಲಿ ಆದ ಊಟ ತೊಗಟೆ ಒಳಮೈಯ ಸಣ್ಣ ಸಣ್ಣ ನಾಳಗಳಲ್ಲಿ ಬೇರಿಗೆ ಇಳೀಬೇಕು. ನೀವು ಆ ದಾರೀನೇ ಹಿಸುಕಿದ್ದೀರಿ. ಊಟ ಮೇಲೇ ನಿಂತು ಊದಿದೆ. ಅಷ್ಟು ಹೂ ಬಿಟ್ಟಿದ್ದೂ ಅದಕ್ಕೇ.”

ಜಯರಾಮಪ್ಪ ಬಗ್ಗಿ ಬೇರಿನ ಕಡೆ ನೋಡಿದನು. “ಅಂದ್ರೆ... ಕೆಳಗಡೆ ಶಿಫ್ಟಿನವರಿಗೆ ಬುತ್ತಿನೇ ಓಗ್ತಿಲ್ಲ?”

“ಇಲ್ಲ. ಆದರೂ ಪಾಪ, ಮೇಲಕ್ಕೆ ನೀರು ಕಳಿಸ್ತಾನೇ ಇದ್ದಾರೆ.”

ಅವನು ಉಳಿ, ಸುತ್ತಿಗೆ ತಂದನು. ತಂತಿ ತೊಗಟೆಯೊಳಗೆ ಹೂತಿತ್ತು. ಒಂದೊಂದೇ ಎಳೆ ಕಡಿಯುತ್ತ, “ತಡಿಯಮ್ಮ, ಆಯ್ತಮ್ಮ,” ಎಂದು ಮರವನ್ನು ಸಂತೈಸಿದನು.

“ನನ್ನನ್ನ ಇಂಗೆ ಒಂದಿನಾನಾದ್ರೂ ಮಾತಾಡಿಸಿದ್ದೀಯಾ?” ಎಂದು ಆದಿಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ಕಡೆ ತೊಗಟೆ ಪೂರ್ತಿ ತುಂಡಾಗದೆ ದಾರಿ ಉಳಿದಿತ್ತು. ಮುಂದಿನ ಮಳೆಗೆ ಮರ ಚಿಗುರಿತು. ಸೊಂಟಪಟ್ಟಿಯ ಗುರುತು ಮಾತ್ರ ಉಳಿಯಿತು.

ಅಂದಿನಿಂದ ಜಯರಾಮಪ್ಪ ಲೈನಿನ ಯಾವ ಮರದ ಮೇಲೂ ತಂತಿ ಕಂಡರೆ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಮುನಿರತ್ನಮ್ಮ ಬಟ್ಟೆ ಒಣಹಾಕಲು ಮರಕ್ಕೆ ಕಟ್ಟಿದ್ದ ತಂತಿಯನ್ನೂ ಕಡಿದನು. ಆಗತಾನೆ ಒಗೆದ ಸೀರೆ ಕೆಂಪು ಮಣ್ಣಿಗೆ ಬಿತ್ತು. ಅವಳು ಅದನ್ನೇ ಮುದ್ದೆ ಮಾಡಿಕೊಂಡು ಅಟ್ಟಿಸಿಕೊಂಡು ಬಂದರೆ, ಅವನು ನುಗ್ಗೆಮರದ ಹಿಂದೆ ಅವಿತು ಕೂಗುತ್ತಿದ್ದನು:

“ಒಡೀಬೇಡ ತಾಯಿ! ಬುತ್ತಿ ಇಳೀಬೇಕು, ಬುತ್ತಿ!”